ಪಾಂಗುಳ ಗಲ್ಲಿಯಿಂದ ಖಡೇ ಬಜಾರ್‌ವರೆಗೆ: ಬೆಳಗಾವಿ ಪೇಟೆಯಲ್ಲಿ ಬಳೆ, ಬಣ್ಣ, ಕ್ರೀಮ್ ಖರೀದಿ

ಬಳೆ, ಲಿಪ್‌ಸ್ಟಿಕ್, ಫೇಸ್ ಪೌಡರ್, ಮೆಹಂದಿ, ಪಾರ್ಲರ್ ಸಾಮಾನು ಇವಿಷ್ಟಕ್ಕೆ ಬೆಳಗಾವಿಯ ಗಲ್ಲಿಗಳನ್ನು ಬಿಟ್ಟು ಮೊಬೈಲ್‌ನಲ್ಲಿ ಆರ್ಡರ್ ಹಾಕುವ ಅಗತ್ಯವೇ ಇಲ್ಲ. ಕೈಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ, ಹಚ್ಚಿ ನೋಡಿ ತರಬಹುದು. ಮುಖ ಬೆಳ್ಳಗಾಗಲೆಂದು ರಾತ್ರಿ ಹಚ್ಚಿಕೊಂಡು ಮಲಗುವ ಕ್ರೀಮ್ ಮಾತ್ರ ಬೇರೆ ಲೆಕ್ಕ. ಅದೇ ಗಲ್ಲಿಯಲ್ಲಿ, ಅದೇ ಗಲ್ಲೆಯ ಮೇಲೆ ಸಿಗುತ್ತದೆ ನಿಜ, ಆದರೆ ಅದನ್ನು ಕೊಳ್ಳುವಾಗ ಕಣ್ಣು ನಾಲ್ಕಾಗಿರಬೇಕು.

ಗಣಪತಿ ಗಲ್ಲಿ, ಪಾಂಗುಳ ಗಲ್ಲಿ, ಮಾರುತಿ ಗಲ್ಲಿ, ರಾಮದೇವ ಗಲ್ಲಿ, ಖಡೇ ಬಜಾರ್ ಎಲ್ಲವೂ ನಡೆದು ತಿರುಗುವಷ್ಟು ಹತ್ತಿರ ಇವೆ. ಖಾನಾಪುರ, ಬೈಲಹೊಂಗಲ, ಆಚೆ ಚಂದಗಡ ಕಡೆಯಿಂದಲೂ ಮದುವೆ ಸಾಮಾನಿಗೆ ಜನ ಇಲ್ಲಿಗೇ ಬರುತ್ತಾರೆ. ಕನ್ನಡ, ಮರಾಠಿ ಎರಡೂ ನಡೆಯುತ್ತದೆ. ದೀಪಾವಳಿ ಮುಂದಿನ ವಾರ ಮತ್ತು ಮದುವೆ ಸೀಸನ್ನಿನ ಸಂಜೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಗ ಯಾವ ಅಂಗಡಿಯವರೂ ಹತ್ತು ಡಬ್ಬಿ ತೆಗೆದು ತೋರಿಸುವ ತಾಳ್ಮೆಯಲ್ಲಿ ಇರುವುದಿಲ್ಲ. ವಾರದ ನಡುವೆ, ಮಧ್ಯಾಹ್ನದ ಊಟದ ಹೊತ್ತಿಗೆ ಮುಂಚೆ ಹೋದರೆ ಬೆಳಕೂ ಇರುತ್ತದೆ, ಮಾತಾಡಲು ಪುರಸೊತ್ತೂ ಇರುತ್ತದೆ. ಬಣ್ಣ ಆರಿಸುವವರಿಗೆ ಈ ಬೆಳಕು ಯಾಕೆ ಮುಖ್ಯ ಎಂಬುದು ಮುಂದೆ ಬರುತ್ತದೆ.

ಮೊದಲು ಬಳೆ. ಈ ಪೇಟೆಯ ಅತಿ ಒಳ್ಳೆಯ ಸೇವೆ ಅದೇ. ಗಾಜಿನ ಬಳೆಯನ್ನು ಆನ್‌ಲೈನ್‌ನಲ್ಲಿ ತರಿಸಿದವರಲ್ಲಿ ಬಹಳ ಜನ ಎಡವುವುದು ಅಳತೆಯಲ್ಲಿ. 2.4 ಎಂದರೆ ಎರಡು ಪಾಯಿಂಟ್ ನಾಲ್ಕು ಇಂಚಲ್ಲ. ಎರಡು ಇಂಚು ಮತ್ತು ಒಂದು ಇಂಚಿನ ಹದಿನಾರರಲ್ಲಿ ನಾಲ್ಕು ಭಾಗ, ಅಂದರೆ ಎರಡೂಕಾಲು ಇಂಚು. ಒಳವ್ಯಾಸ ಸುಮಾರು 57 ಮಿ.ಮೀ. ಹಾಗೆಯೇ 2.6 ಎಂದರೆ 60 ಮಿ.ಮೀ., 2.8 ಎಂದರೆ ಸರಿಯಾಗಿ ಎರಡೂವರೆ ಇಂಚು, 63.5 ಮಿ.ಮೀ. ದಶಮಾಂಶ ಎಂದುಕೊಂಡವರಿಗೆ 2.10 ಎಂಬುದು 2.8ಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ನಿಜವಾಗಿ ಅದು ದೊಡ್ಡದು.

ಮನೆಯಲ್ಲೇ ಅಳೆದುಕೊಂಡು ಹೋಗಲು ಸುಲಭದ ದಾರಿ ಇದೆ. ಹೆಬ್ಬೆರಳನ್ನು ಕಿರುಬೆರಳಿನ ಬುಡದ ಕಡೆ ಮಡಚಿ, ಬಳೆ ಏರಿಸುವಾಗ ಕೈ ಹೇಗಿರುತ್ತದೆಯೋ ಹಾಗೆ ಹಿಡಿದು, ಗೆಣ್ಣುಗಳ ಮೇಲೆ ಅತಿ ಅಗಲವಾದ ಕಡೆ ದಾರ ಸುತ್ತಿ. ದಾರ 17 ಸೆಂ.ಮೀ. ಬಂದರೆ 2.2, 18 ಬಂದರೆ 2.4, 19 ಬಂದರೆ 2.6, 20 ಬಂದರೆ 2.8, 21 ಬಂದರೆ 2.10. ಊರಲ್ಲಿರುವ ಅಕ್ಕ-ತಂಗಿಯರಿಗೆ ಬಳೆ ಒಯ್ಯುವವರು ಈ ದಾರದ ಅಳತೆಯನ್ನೇ ಫೋನಿನಲ್ಲಿ ಕೇಳಿಕೊಂಡರೆ ಸಾಕು. ಗಾಜಿನದ್ದು ಅಳತೆಗೆ ಸರಿಯಾಗಿರಲಿ. ಸಡಿಲ ಬಳೆ ಒಂದಕ್ಕೊಂದು ಬಡಿದು ಬೇಗ ಒಡೆಯುತ್ತದೆ. ಕುಬಸದ, ಅಂದರೆ ಸೀಮಂತದ ಬಳೆಗೆ ಮಾತ್ರ ಒಂದು ಅಳತೆ ದೊಡ್ಡದು ಕೇಳಿ. ಏಳನೇ ತಿಂಗಳ ಹೊತ್ತಿಗೆ ಕೈ ಬಾವು ಬರುವುದು ಸಾಮಾನ್ಯ, ಹಳೆಯ ಅಳತೆಯ ಬಳೆ ಗೆಣ್ಣಿನಲ್ಲೇ ನಿಲ್ಲುತ್ತದೆ.

ಬಳೆ ಕೈಗೆ ಬಂದಾಗ ಎರಡು ಕಡೆ ನೋಡಬೇಕು. ಗಾಜು ಕೂಡಿಸಿದ ಬೆಸುಗೆಯ ಜಾಗವನ್ನು ಒಳಬದಿಯಿಂದ ಉಗುರಿನಲ್ಲಿ ಸವರಿ. ಉಗುರು ಸಿಕ್ಕಿಕೊಂಡರೆ ಅದು ಚರ್ಮವನ್ನೂ ಗೀರುತ್ತದೆ, ಒಡೆಯುವುದೂ ಅಲ್ಲಿಂದಲೇ. ಆಮೇಲೆ ಗಾಜಿನ ಗಲ್ಲೆಯ ಮೇಲೆ ಅಡ್ಡ ಮಲಗಿಸಿ ಬೆರಳಿನಿಂದ ಒತ್ತಿ. ಟಕಟಕ ಎಂದು ಆಡಿದರೆ ಬಳೆ ಸೊಟ್ಟ. ಡಜನ್ನಿನಲ್ಲಿ ಒಂದೆರಡು ಸೊಟ್ಟ ಇದ್ದೇ ಇರುತ್ತವೆ, ಕೇಳಿದರೆ ಬದಲಿಸಿ ಕೊಡುತ್ತಾರೆ. ಮನೆಗೆ ಹೋಗಿ ಬಿಚ್ಚಿದ ಮೇಲೆ ಯಾರೂ ಬದಲಿಸುವುದಿಲ್ಲ, ಅದು ನ್ಯಾಯವೂ ಹೌದು. ಅಂಗಡಿಯಲ್ಲೇ ಕೂಡಿಸಿ ಬಳೆ ಇಡಿಸುವ ಪದ್ಧತಿ ಇನ್ನೂ ಇದೆ. ಇಡಿಸುವಾಗ ಒಡೆದರೆ ಅದರ ಲೆಕ್ಕ ಯಾರದು ಎಂದು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಹಣೆಗೆ ಅಂಟಿಸುವ ಟಿಕಳಿಯ (ಬಿಂದಿಯ) ಪೊಟ್ಟಣ ಕಣ್ಣಿಗೆ ಅತಿ ಸಣ್ಣ ಸಾಮಾನು, ತೊಂದರೆ ಮಾತ್ರ ಸಣ್ಣದಲ್ಲ. ಕೆಲವು ಟಿಕಳಿಗಳ ಅಂಟಿನಲ್ಲಿ ಪ್ಯಾರಾ-ಟರ್ಷರಿ-ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಇರುತ್ತದೆ. ಅದು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನೇ ಕೊಲ್ಲಬಲ್ಲದು. ಹಣೆಯ ನಡುವೆ ಟಿಕಳಿಯ ಆಕಾರದಲ್ಲೇ ಬಿಳಿ ಮಚ್ಚೆ ಬೀಳುವುದು ಇದರಿಂದ. ಮೊದಲ ಸೂಚನೆ ತುರಿಕೆ. ತುರಿಸಿದ ದಿನವೇ ನಿಲ್ಲಿಸಿ, ಅದೇ ಪೊಟ್ಟಣವನ್ನು ನಾಲ್ಕು ದಿನ ಬಿಟ್ಟು ಮತ್ತೆ ಹಚ್ಚಬೇಡಿ. ಪೊಟ್ಟಣದ ಮೇಲೆ ತಯಾರಕರ ಹೆಸರೇ ಇಲ್ಲದ ಟಿಕಳಿ ಎಷ್ಟೇ ಅಗ್ಗವಿದ್ದರೂ ಬೇಡ. ರಾತ್ರಿ ತೆಗೆದು ಕನ್ನಡಿಗೆ ಅಂಟಿಸುವ ಹಳೆಯ ರೂಢಿ ಚರ್ಮಕ್ಕೆ ಬಿಡುವು ಕೊಡುತ್ತದೆ.

ಕುಂಕುಮದ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಅರಿಶಿನಕ್ಕೆ ಸುಣ್ಣದಂಥ ಕ್ಷಾರ ಸೇರಿದಾಗ ಕೆಂಪಾಗುತ್ತದೆ. ಹಳೆಯ ಕಾಲದ ಕುಂಕುಮ ಮಾಡುವುದೇ ಹಾಗೆ. ಆದ್ದರಿಂದ ಅರಿಶಿನದ ಕುಂಕುಮದ ಮೇಲೆ ನಿಂಬೆರಸ ಹಿಂಡಿದರೆ ಅದು ಮತ್ತೆ ಹಳದಿ ಕಡೆಗೆ ತಿರುಗಬೇಕು. ರಸ ಬಿದ್ದರೂ ಗುಲಾಬಿ ಅಥವಾ ಕಡುಗೆಂಪಾಗಿಯೇ ಉಳಿದರೆ ಅದು ಬಣ್ಣದ ಪುಡಿ. ದೇವರ ಮುಂದೆ ಇಡಲು ಅದು ಸಾಕು, ಬೈತಲೆಗೆ ನಿತ್ಯ ಹಚ್ಚಲು ಅಲ್ಲ.

ಈಗ ಮೆಹಂದಿ ಕೋನ್. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಹತ್ತು ನಿಮಿಷದಲ್ಲಿ ಕಪ್ಪು ಬಣ್ಣ ಕೊಡುವ ಮೆಹಂದಿ ಎಂಬುದು ಗಿಡದಿಂದ ಬರುವುದಿಲ್ಲ. ಎಲೆಯ ಬಣ್ಣ ತೊಳೆದಾಗ ಕಿತ್ತಳೆ, ಒಂದೆರಡು ದಿನದಲ್ಲಿ ಕಂದುಗೆಂಪು. ಅಚ್ಚ ಕಪ್ಪು ಬರುವುದು ತಲೆಗೂದಲಿಗೆ ಹಾಕುವ ಪಿಪಿಡಿ ಬಣ್ಣದಿಂದ. ಅದು ಚರ್ಮದ ಮೇಲೆ ಗುಳ್ಳೆ ಎಬ್ಬಿಸಬಹುದು, ಒಮ್ಮೆ ಅಲರ್ಜಿ ಹತ್ತಿದರೆ ಮುಂದೆ ಹೇರ್ ಡೈ ಮುಟ್ಟಿದಾಗಲೆಲ್ಲ ಕಾಡಬಹುದು. ಮದುಮಗಳ ಕೈಗೆ ಅದನ್ನು ದಯವಿಟ್ಟು ಹಚ್ಚಬೇಡಿ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: "ಈ ಕೋನ್ ಯಾವಾಗ ಮಾಡಿದ್ದ ರೀ?" ಬರೀ ಮೆಹಂದಿ ಪುಡಿ, ನೀರು, ಎಣ್ಣೆಯಿಂದ ಕಲಸಿದ ಕೋನ್ ಹೊರಗೆ ಇಟ್ಟರೆ ಕೆಲವೇ ದಿನದಲ್ಲಿ ಬಣ್ಣ ಕಳೆದುಕೊಳ್ಳುತ್ತದೆ, ಫ್ರೀಜರ್‌ನಲ್ಲಿ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಗೋಡೆಗೆ ನೇತುಹಾಕಿ ತಿಂಗಳಾದರೂ ಕಡು ಬಣ್ಣ ಕೊಡುವ ಕೋನ್‌ನಲ್ಲಿ ಬೇರೇನೋ ಇದೆ ಎಂದೇ ಅರ್ಥ.

ಪುಡಿ ತಂದು ಮನೆಯಲ್ಲಿ ಕಲಸುವುದೇ ಹೆಚ್ಚು ಭರವಸೆಯದ್ದು. ಒಂದು ಚಿಟಿಕೆ ಪುಡಿಯನ್ನು ನೀರಲ್ಲಿ ಕಲಸಿ ಅಂಗೈಗೆ ಅರ್ಧ ತಾಸು ಇಟ್ಟು ನೋಡಿ. ಸ್ಪಷ್ಟ ಕಿತ್ತಳೆ ಬಂದರೆ ಪುಡಿ ತಾಜಾ, ಮಂಕಾಗಿದ್ದರೆ ಹಳೆಯದು. ತೆಳು ಬಟ್ಟೆಯಲ್ಲಿ ಸೋಸದೆ ಕೋನ್ ತುಂಬಿದರೆ ತುದಿ ಕಟ್ಟಿಕೊಳ್ಳುತ್ತದೆ. ಹಚ್ಚಿದ ಮೇಲೆ ನಾಲ್ಕರಿಂದ ಆರು ತಾಸು ಬಿಟ್ಟು, ನೀರು ಹಾಕದೆ ಕೆರೆದು ತೆಗೆಯಬೇಕು. ಬಣ್ಣ ಪೂರ್ತಿ ಏರಲು ಎರಡು ದಿನ ಬೇಕಾದ್ದರಿಂದ ಮದುವೆಯ ಅಕ್ಷತೆಗೆ ಎರಡು ದಿನ ಮುಂಚೆ ಹಚ್ಚುವುದು ಸರಿ. ಹಿಂದಿನ ರಾತ್ರಿ ಹಚ್ಚಿದರೆ ಫೋಟೋದಲ್ಲಿ ಕಿತ್ತಳೆ ಕೈ ಬರುತ್ತದೆ.

ಲಿಪ್‌ಸ್ಟಿಕ್, ಫೌಂಡೇಶನ್ ಆರಿಸುವಾಗ ಗಲ್ಲಿಯ ಅಂಗಡಿಗಳ ದೊಡ್ಡ ಕೊರತೆ ಬೆಳಕು. ಒಳಗೆಲ್ಲ ಬಿಳಿ ಎಲ್‌ಇಡಿ. ಅದರಡಿ ಹಳದಿ ಛಾಯೆಯ ಶೇಡ್ ಕೂಡ ತಿಳಿಯಾಗಿ ಕಾಣುತ್ತದೆ, ಹೊರಗೆ ಬಂದಾಗ ಮುಖ ಬೇರೆ, ಕುತ್ತಿಗೆ ಬೇರೆ. ಫೌಂಡೇಶನ್ನನ್ನು ಮುಂಗೈ ಮೇಲಲ್ಲ, ದವಡೆಯ ಅಂಚಿನಲ್ಲಿ ಒಂದು ಗೆರೆ ಹಚ್ಚಿ, ಅಂಗಡಿಯ ಬಾಗಿಲಿಗೆ ಬಂದು ಹತ್ತು ಹದಿನೈದು ನಿಮಿಷ ಬಿಡಿ. ಗಾಳಿ, ಬೆವರು, ಚರ್ಮದ ಎಣ್ಣೆ ಸೇರಿದಂತೆ ಕೆಲವು ಫೌಂಡೇಶನ್ ಒಂದು ಮಟ್ಟ ಗಾಢವಾಗುತ್ತದೆ. ಆ ಹೊತ್ತಿನಲ್ಲಿ ಬಳೆ ನೋಡಿ ಬಂದರಾಯಿತು. ಲಿಪ್‌ಸ್ಟಿಕ್ಕನ್ನು ಬೆರಳ ತುದಿಯ ಮೇಲೆ ಹಚ್ಚಿ ನೋಡಿ, ಅಲ್ಲಿಯ ಬಣ್ಣ ತುಟಿಗೆ ಹತ್ತಿರ. ಎಲ್ಲರೂ ಮುಟ್ಟಿದ ಟೆಸ್ಟರನ್ನು ತುಟಿಗೆ ತಾಗಿಸಬೇಡಿ. ಕಾಜಲ್, ಮಸ್ಕರಾ ಟೆಸ್ಟರ್ ಕಣ್ಣಿಗಂತೂ ಬೇಡವೇ ಬೇಡ.

ಬೇಸಿಗೆಯಲ್ಲಿ ಕೊಂಡ ಲಿಪ್‌ಸ್ಟಿಕ್ ಮೇಲೆ ಸಣ್ಣ ಎಣ್ಣೆ ಹನಿ ಕಂಡರೆ ಗಾಬರಿ ಬೇಡ. ಬಿಸಿಗೆ ಒಳಗಿನ ಎಣ್ಣೆ ಮೇಲೆ ಬಂದಿರುತ್ತದೆ, ಒರೆಸಿದರೆ ಸಾಕು. ಮೂಗಿಗೆ ಹಳೆಯ ಎಣ್ಣೆಯ ಕಮಟು ಬಡಿದರೆ ಮಾತ್ರ ಅದು ಕೆಟ್ಟಿದೆ. ವಿಜಯಪುರ, ಬಾಗಲಕೋಟೆಯ ಬಿಸಿಲಲ್ಲಿ ಇದು ಹೆಚ್ಚು. ಬೆಳಗಾವಿಯಲ್ಲಿ ತೊಂದರೆ ಉಲ್ಟಾ: ಜೂನ್‌ನಿಂದ ಹಿಡಿದ ಮಳೆಯ ತೇವ. ಕಾಂಪ್ಯಾಕ್ಟ್ ಪೌಡರ್ ಮೇಲೆ ಗಟ್ಟಿ ಪದರ, ರಟ್ಟಿನ ಡಬ್ಬಿಯ ಮೂಲೆಗೆ ಬೂಸಲು, ಹೇರ್‌ಪಿನ್ನಿಗೆ ತುಕ್ಕು ಇವನ್ನು ಶ್ರಾವಣದ ಖರೀದಿಯಲ್ಲಿ ನೋಡಲೇಬೇಕು. ಶೋಕೇಸಿನ ಮುಂದಿನ ಸಾಲು ದಿನವಿಡೀ ಬಿಸಿಲು ತಿಂದಿರುತ್ತದೆ, "ಒಳಗಿಂದ ಬ್ಯಾರೆ ತಗೀರಿ ಅಣ್ಣಾರ" ಎಂದರೆ ತಪ್ಪಿಲ್ಲ.

ಡಬ್ಬಿಯ ಮೇಲಿನ ಬರಹ ಓದುವುದಕ್ಕೆ ಎರಡು ನಿಮಿಷ ಕೊಡಿ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಕರ ಹೆಸರು, ವಿಳಾಸ, ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ, ಒಳಗಿರುವ ಪದಾರ್ಥಗಳ ಪಟ್ಟಿ ಇರಬೇಕು. ಹೊರದೇಶದ ಮಾಲಾದರೆ ಆಮದು ಮಾಡಿದವರ ಹೆಸರು-ವಿಳಾಸ ಮತ್ತು ನೋಂದಣಿ ಪ್ರಮಾಣಪತ್ರದ ಸಂಖ್ಯೆ ಕಡ್ಡಾಯ. 10 ಗ್ರಾಂ ಒಳಗಿನ ಗಟ್ಟಿ ಪದಾರ್ಥ, 25 ಮಿ.ಲೀ. ಒಳಗಿನ ದ್ರವಕ್ಕೆ ಬ್ಯಾಚ್ ಸಂಖ್ಯೆಯಿಂದ ವಿನಾಯಿತಿ ಇದೆ. ಹಾಗಾಗಿ ಪುಟ್ಟ ಕಾಜಲ್ ಮೇಲೆ ಅದಿಲ್ಲ ಎಂದ ಮಾತ್ರಕ್ಕೆ ನಕಲಿ ಎನ್ನಲಾಗದು. ಬಾಯಿ ತೆರೆದ ಡಬ್ಬಿಯ ಚಿತ್ರದೊಳಗೆ 12 ಎಂ ಎಂದಿದ್ದರೆ ತೆರೆದ ಮೇಲೆ ಹನ್ನೆರಡು ತಿಂಗಳು ಎಂದರ್ಥ. ಬಾರ್‌ಕೋಡ್ 890ರಿಂದ ಶುರುವಾದರೆ ಭಾರತದಲ್ಲೇ ತಯಾರಾಗಿದೆ ಎಂದು ಹೇಳುವವರಿದ್ದಾರೆ, ಅದು ಸರಿಯಲ್ಲ. ಆ ಸಂಖ್ಯೆ ಭಾರತದಲ್ಲಿ ಬಾರ್‌ಕೋಡ್ ಪಡೆದ ಕಂಪನಿಯದ್ದು ಎಂದಷ್ಟೇ ಹೇಳುತ್ತದೆ, ಅಸಲಿಗೆ ಸಾಕ್ಷಿಯೂ ಅಲ್ಲ. ರಟ್ಟಿನ ಡಬ್ಬಿ ಮತ್ತು ಒಳಗಿನ ಬಾಟಲಿಯ ಬ್ಯಾಚ್ ಸಂಖ್ಯೆ ತಾಳೆ ಹಾಕುವುದು ಅದಕ್ಕಿಂತ ಉಪಯುಕ್ತ. "ಫಸ್ಟ್ ಕಾಪಿ ಐತ್ರಿ" ಎಂದು ಹೇಳಿಯೇ ಮಾರುವ ಕಡೆ ಪ್ರಾಮಾಣಿಕತೆ ಇದೆ ಎಂದುಕೊಳ್ಳಬೇಡಿ, ಅದು ನಕಲಿ ಮಾಲಿನ ಇನ್ನೊಂದು ಹೆಸರು.

ಇನ್ನು ಬೆಳ್ಳಗೆ ಮಾಡುವ ಕ್ರೀಮ್. ಇದರಲ್ಲಿ ಎರಡು ಬಗೆಯ ಅಪಾಯ ಇದೆ. ಒಂದು, ಆಮದುದಾರರ ವಿಳಾಸವಿಲ್ಲದೆ ಬರುವ ಹೊರದೇಶದ ಡಬ್ಬಿಗಳಲ್ಲಿನ ಪಾದರಸ. ನಮ್ಮ ನಿಯಮದಲ್ಲಿ ಕಣ್ಣಿನ ಸುತ್ತ ಹಚ್ಚುವ ಸಾಮಾನು ಬಿಟ್ಟು ಉಳಿದವುಗಳಲ್ಲಿ ತಾನಾಗಿ ಸೇರಿದ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರುವಂತಿಲ್ಲ. ಕೇರಳದ ಮಲಪ್ಪುರಂನಲ್ಲಿ ಇಂಥ ಕ್ರೀಮ್ ಹಚ್ಚಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಂಡುಬಂದು, 2023ರಲ್ಲಿ ಅಲ್ಲಿಯ ಔಷಧ ನಿಯಂತ್ರಣ ಇಲಾಖೆ ಅಂಗಡಿಗಳ ತಪಾಸಣೆಗೆ ಇಳಿಯಿತು. ಇನ್ನೊಂದು, ಮೆಡಿಕಲ್ ಅಂಗಡಿಯ ಟ್ಯೂಬುಗಳು. ಬೆಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರು ಟ್ಯೂಬಿನ ಮೇಲಿದ್ದರೆ ಅದು ಸ್ಟೆರಾಯ್ಡ್. 2018ರಿಂದ ಇವನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಮೊದಲ ವಾರಗಳಲ್ಲಿ ಮುಖ ಹೊಳೆಯುತ್ತದೆ, ಅದೇ ಮೋಸ. ಬಿಟ್ಟ ಕೂಡಲೇ ಉರಿ, ಕೆಂಪು, ಮೊಡವೆ. ಹಚ್ಚುತ್ತಲೇ ಹೋದರೆ ಚರ್ಮ ತೆಳುವಾಗಿ ನರ ಕಾಣುತ್ತದೆ, ಮುಖದ ಮೇಲೆ ಕೂದಲು ಬರುತ್ತದೆ. ಪಾರ್ಲರ್‌ನಲ್ಲಿ ಹೆಸರಿಲ್ಲದ ಬಿಳಿ ಡಬ್ಬಿಗೆ ತುಂಬಿ ಕೊಡುವ "ಫಾರ್ಮುಲಾ ಕ್ರೀಮ್" ಒಳಗೆ ಏನಿದೆ ಎಂದು ಹೇಳಲು ಸಾಧ್ಯವಿಲ್ಲದವರಿಂದ ಅದನ್ನು ಕೊಳ್ಳಬಾರದು.

ಚರ್ಮ ಕಪ್ಪಾಗದಿರಲಿ ಎಂಬುದೇ ಉದ್ದೇಶವಾದರೆ ಆ ಹಣ ಸನ್‌ಸ್ಕ್ರೀನ್‌ಗೆ ಹೋಗಲಿ. ಬಿಲ್ ಕೊಡುವ ಮೆಡಿಕಲ್ ಅಂಗಡಿಯಲ್ಲಿ ಎಸ್‌ಪಿಎಫ್ 30 ಅಥವಾ 50, ಜೊತೆಗೆ ಪಿಎ ಪ್ಲಸ್ ಗುರುತು ನೋಡಿ ತನ್ನಿ. ಮುಖ-ಕುತ್ತಿಗೆಗೆ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು ಬೇಕು, ಅದು ಸುಮಾರು ಒಂದು ಗ್ರಾಂ. ದಿನಕ್ಕೆ ಎರಡು ಸಲವೆಂದರೆ 50 ಗ್ರಾಂ ಟ್ಯೂಬು ಇಪ್ಪತ್ತೈದು ದಿನಕ್ಕೆ ಮುಗಿಯಬೇಕು. ನಾಲ್ಕು ತಿಂಗಳು ಬಂತು ಎಂದರೆ ಹಚ್ಚಿದ್ದು ಸಾಲಲಿಲ್ಲ.

ಸೋಪಿನ ಬಗ್ಗೆ ಚಿಕ್ಕದಾಗಿ: "ಟಾಯ್ಲೆಟ್ ಸೋಪ್" ಎಂದಿದ್ದರೆ ಅದರ ದರ್ಜೆಯೂ ಇರುತ್ತದೆ. ಮೊದಲ ದರ್ಜೆಯಲ್ಲಿ ಕೊಬ್ಬಿನ ಅಂಶ, ಅಂದರೆ ಟಿಎಫ್‌ಎಂ, ಕನಿಷ್ಠ 76%, ಎರಡನೆಯದರಲ್ಲಿ 70%, ಮೂರನೆಯದರಲ್ಲಿ 60%. "ಬೇದಿಂಗ್ ಬಾರ್" ಎಂದಿದ್ದರೆ ಅದು ಬೇರೆಯೇ ವರ್ಗ. ಟಿಎಫ್‌ಎಂ ಕಡಿಮೆ ಇದ್ದಷ್ಟೂ ಸೋಪು ಬೇಗ ಕರಗುತ್ತದೆ, ಚಳಿಗಾಲದಲ್ಲಿ ಚರ್ಮ ಬಿರಿಯುತ್ತದೆ.

ಪಾರ್ಲರ್ ನಡೆಸುವವರು ಸಗಟು ಕೊಳ್ಳುವಾಗ ಹೆಚ್ಚು ಎಡವುವುದು ಹೇರ್ ಡೈಗೆ ಬೆರೆಸುವ ದ್ರವದಲ್ಲಿ, ಅಂದರೆ ಡೆವಲಪರ್‌ನಲ್ಲಿ. 10 ವಾಲ್ಯೂಮ್ ಎಂದರೆ 3% ಹೈಡ್ರೋಜನ್ ಪೆರಾಕ್ಸೈಡ್, 20 ಎಂದರೆ 6%, 30 ಎಂದರೆ 9%, 40 ಎಂದರೆ 12%. ಬಿಳಿಗೂದಲು ಮುಚ್ಚಲು ಸಾಮಾನ್ಯವಾಗಿ 20 ಸಾಕು. "ಜಲ್ದಿ ಹಿಡಿತೈತಿ" ಎಂದು 40 ಕೊಟ್ಟರೆ ತಲೆಯ ಚರ್ಮ ಸುಡುತ್ತದೆ. ಬಿಸಿಲಿಗೆ ಉಬ್ಬಿದ ಬಾಟಲಿ ತರಬೇಡಿ, ಒಳಗಿನ ಪೆರಾಕ್ಸೈಡ್ ಒಡೆದು ಶಕ್ತಿ ಇಳಿದಿರುತ್ತದೆ, ಬಣ್ಣ ಹಿಡಿಯುವುದಿಲ್ಲ. ಯಾವ ಡೈ ಆದರೂ ಕಿವಿಯ ಹಿಂದೆ ಹಚ್ಚಿ 48 ತಾಸು ಕಾಯುವುದನ್ನು ತಪ್ಪಿಸಬೇಡಿ. ವ್ಯಾಕ್ಸ್ ಡಬ್ಬಿ ಕೊಳ್ಳುವಾಗ ಸಕ್ಕರೆಯದ್ದೋ ರಾಳದ್ದೋ ಕೇಳಿ. ಸಕ್ಕರೆಯದ್ದು ನೀರಿಗೆ ಹೋಗುತ್ತದೆ, ರಾಳದ್ದಕ್ಕೆ ಎಣ್ಣೆಯೇ ಬೇಕು. ಇದು ಗೊತ್ತಿಲ್ಲದೆ ಗಿರಾಕಿಯ ಕೈ ತಿಕ್ಕಿ ತಿಕ್ಕಿ ಕೆಂಪಾಗಿಸುವುದು ಬೇಡ.

ದರದ ವಿಷಯ. 22 ಸೆಪ್ಟೆಂಬರ್ 2025ರಿಂದ ತಲೆಎಣ್ಣೆ, ಶಾಂಪೂ, ಸಾಬೂನು ಬಿಲ್ಲೆ, ಟಾಲ್ಕಂ ಮತ್ತು ಫೇಸ್ ಪೌಡರ್ ಮೇಲಿನ ಜಿಎಸ್‌ಟಿ 18%ರಿಂದ 5%ಕ್ಕೆ ಇಳಿದಿದೆ. ಲಿಪ್‌ಸ್ಟಿಕ್, ಕ್ರೀಮ್‌ಗೆ ಹಳೆಯ 18% ಹಾಗೇ ಇದೆ. ಗಾಜಿನ ಬಳೆ, ಕುಂಕುಮ, ಟಿಕಳಿ ಮೇಲೆ ಜಿಎಸ್‌ಟಿ ಇಲ್ಲ, ಚೌಕಾಶಿಗೆ ಜಾಗವಿರುವುದೂ ಇವುಗಳಲ್ಲೇ. ಕಂಪನಿ ಮಾಲಿನಲ್ಲಿ ಎಂಆರ್‌ಪಿ ಮೇಲೆ ಸ್ವಲ್ಪ ಬಿಡುತ್ತಾರೆ. ಅರ್ಧಕ್ಕೆ ಕೊಡುತ್ತೇವೆ ಎಂದರೆ ದಿನಾಂಕ ಮುಗಿಯುತ್ತ ಬಂದಿದೆಯೋ, ನಕಲಿಯೋ ಎಂದು ನೋಡಬೇಕು. ಕ್ರೀಮ್, ಡೈ, ಸನ್‌ಸ್ಕ್ರೀನ್‌ಗೆ ಬಿಲ್ ಕೇಳಿ ಪಡೆಯಿರಿ. ಗಲ್ಲೆಯ ಮೇಲೆ "ಮಾರಿದ ಮಾಲು ವಾಪಸ್ ಇಲ್ಲ" ಎಂಬ ಫಲಕವಿದ್ದರೂ ದೋಷವಿರುವ ಮಾಲಿಗೆ ಅದು ಅನ್ವಯಿಸುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದು, ಬಿಲ್ಲಿನಲ್ಲಿ ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ದೋಷದ ಮಾಲು ವಾಪಸ್ ಪಡೆಯದಿರುವುದು ಎರಡೂ ತಪ್ಪು. ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಈ ಪೇಟೆ ಸುಧಾರಿಸಬೇಕಾದದ್ದು ಒಂದಿದೆ. ಗೋಧಿ ಬಣ್ಣಕ್ಕಿಂತ ಗಾಢವಾದ ಮೈಬಣ್ಣದವರಿಗೆ ಫೌಂಡೇಶನ್, ಕಾಂಪ್ಯಾಕ್ಟ್‌ನ ಶೇಡ್ ಕಪಾಟಿನಲ್ಲಿ ಇಡುವುದೇ ಕಡಿಮೆ. ಕೇಳಿದರೆ ಎರಡು ಮಟ್ಟ ತಿಳಿಯಾದದ್ದು ತೆಗೆದು "ಇದ ಹಚ್ಕೋರಿ ಅಕ್ಕಾರ, ಬೆಳ್ಳಗ ಕಾಣ್ತೀರಿ" ಎನ್ನುತ್ತಾರೆ. ಹಚ್ಚಿದರೆ ಬೂದಿ ಬಳಿದಂತಾಗುತ್ತದೆ. ನಮ್ಮ ಊರಿನ ಹೆಂಗಸರ ಮೈಬಣ್ಣ ಯಾವುದೆಂದು ದಿನವೂ ನೋಡುವ ಅಂಗಡಿಗಳೇ ಹೀಗೆ ಮಾಡಿದರೆ ಬೇಸರವಾಗುತ್ತದೆ. ಆ ಮಾತಿಗೆ ಮಣಿಯದೆ ಬೇಕಾದ ಶೇಡ್‌ನ ಹೆಸರು, ಸಂಖ್ಯೆ ಎರಡನ್ನೂ ಚೀಟಿಯಲ್ಲಿ ಬರೆದು ಕೊಡಿ, ಏಜೆನ್ಸಿಯಿಂದ ತರಿಸಿಕೊಡಲು ಹೇಳಿ. ಮಾಲು ಬಂದಾಗ ಸೀಲ್ ಒಡೆಯುವ ಮೊದಲು ಡಬ್ಬಿಯ ತಳದಲ್ಲಿರುವ ಶೇಡ್ ಸಂಖ್ಯೆಯನ್ನು ಚೀಟಿಯ ಜೊತೆ ತಾಳೆ ನೋಡಿಯೇ ಹಣ ಕೊಡಿ.